ನನ್ನ ಜೀಪು ಹೊಲ ಮುಟ್ಟಿದ್ದು

ಪಾಠ ಹೇಳುವ ಕೆಲಸದಲ್ಲಿ ಒಂದು ಅಪಾಯವಿದೆ. ಅದನ್ನು ನೇಮಕಾತಿ ಆದೇಶದಲ್ಲಿ ಯಾರೂ ಬರೆದಿರುವುದಿಲ್ಲ. ಒಂದೇ ಮಾತನ್ನು ವರ್ಷ ವರ್ಷ ಮೂರು ಮೂರು ವಿಭಾಗಗಳಿಗೆ ಹೇಳುತ್ತಾ ಬಂದರೆ, ಮಕ್ಕಳಿಗೆ ತಿಳಿಯುತ್ತದೋ ಬಿಡುತ್ತದೋ, ಹೇಳುವವನಿಗೆ ಮಾತ್ರ ಆ ವಿಷಯ ತನಗೆ ಗೊತ್ತಿದೆ ಎಂಬ ಭ್ರಮೆ ಗಟ್ಟಿಯಾಗಿ ಬೇರೂರಿಬಿಡುತ್ತದೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಎಂಜಿನ್ನಿನ ಪಾಠ ಬಂತೆಂದರೆ ನನ್ನ ಗತ್ತೇ ಬೇರೆ. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇನೆ. ಬಣ್ಣದ ಸೀಮೆಸುಣ್ಣದಲ್ಲಿ ಸಿಲಿಂಡರು, ಅದರೊಳಗೆ ಪಿಸ್ಟನ್ನು, ಕೆಳಗೆ ತಿರುಗುವ ದಂಡ, ಆ ದಂಡಕ್ಕೊಂದು ಬಾಣದ ಗುರುತು. ಶಾಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಮ್ಮೆ ಆ ಚಿತ್ರದ ಮುಂದೆ ನಿಂತು, “ಛಲೋ ತಗದೀರಿ,” ಎಂದು ಹೋಗಿದ್ದರು. ಅದನ್ನು ನಾನು ಇವತ್ತಿನವರೆಗೂ ಜನರಿಗೆ ಹೇಳುತ್ತಿದ್ದೇನೆ. ಹೇಳದೆ ಇದ್ದದ್ದೆಂದರೆ, ಬಿಚ್ಚಿದ ಎಂಜಿನ್ನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ ಎಂಬುದು. ನಮ್ಮ ಮನೆಯ ಬೈಕಿನ ಪ್ಲಗ್ಗು ಬಿಚ್ಚಿ ಒರೆಸುವವಳು ನನ್ನ ಹೆಂಡತಿ ಗಿರಿಜಾ. ಪುಸ್ತಕದ ಬದನೆಕಾಯಿ ಊಟಕ್ಕೆ ಬರುವುದಿಲ್ಲ ಎಂದು ಅವಳು ಆಗಾಗ ಅನ್ನುತ್ತಾಳೆ. ನಾನು ಅದನ್ನು ಅಡುಗೆಯ ವಿಷಯವೆಂದು ತಿಳಿದು ಸುಮ್ಮನಿರುತ್ತೇನೆ.

ಇಂಥವನು ಜೀಪಿನ ಉಸಾಬರಿಗೆ ಯಾಕೆ ಹೋದ ಎಂದು ನೀವು ಕೇಳುವುದು ನ್ಯಾಯ. ನಮ್ಮದು ಯರಗುಪ್ಪಿ. ಎರೆಮಣ್ಣಿನ ಸೀಮೆ. ಬಿಸಿಲಿನಲ್ಲಿ ಈ ಮಣ್ಣು ಸಭ್ಯ ಗೃಹಸ್ಥನ ಹಾಗೆ ಇರುತ್ತದೆ. ನಾಲ್ಕು ಹನಿ ಬಿದ್ದವೋ, ಕಾಲು ಹಿಡಿದರೆ ಬಿಡುವುದಿಲ್ಲ. ಒಂದು ಹೆಜ್ಜೆಗೆ ಒಂದು ಸೇರು, ಇನ್ನೊಂದು ಹೆಜ್ಜೆಗೆ ಎರಡು ಸೇರು ಮಣ್ಣು ಮೆತ್ತಿ, ಹೊಲ ಮುಟ್ಟುವ ಹೊತ್ತಿಗೆ ಮನುಷ್ಯ ಒಂದು ಗೇಣು ಎತ್ತರವಾಗಿರುತ್ತಾನೆ. ನಮ್ಮ ಹೊಲ ಊರಿನಿಂದ ಒಂದು ಹರದಾರಿ, ಅಂದರೆ ಮೂರು ಮೈಲಿ. ಹೋದ ವರ್ಷದ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಬಸುರಿ ಭೂಮಿತಾಯಿಯ ಸೀಮಂತವೆಂದು ಬೆಳೆದು ನಿಂತ ಪೈರಿಗೆ ಪೂಜೆ ಮಾಡಿ ಅಡುಗೆಯ ಎಡೆಯನ್ನು ಹೊಲದ ತುಂಬ ಎರಚಿ ಬರಲು, ನಾವಿಬ್ಬರೂ ಬೈಕಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಬೈಕು ಕೆಸರಿನಲ್ಲಿ ನಿಂತಿತು. ಬೀಳಲಿಲ್ಲ, ನಿಂತಿತು, ಸ್ಟ್ಯಾಂಡು ಹಾಕದೆಯೇ ನಿಂತಿತು. ಗಿರಿಜಾ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದಳು. ಅವಳ ಹೊಸ ಚಪ್ಪಲಿಗಳಲ್ಲಿ ಒಂದನ್ನು ಭೂಮಿತಾಯಿ ಇಟ್ಟುಕೊಂಡಳು. ಉಳಿದ ಇನ್ನೊಂದನ್ನು ಗಿರಿಜಾ ಮನೆಗೆ ತಂದು, ನನ್ನ ಕಣ್ಣಿಗೆ ಬೀಳುವ ಹಾಗೆ ಕಿಟಕಿಯಲ್ಲಿ ಇಟ್ಟಳು. ಅದು ತಿಂಗಳುಗಟ್ಟಲೆ ಅಲ್ಲೇ ಇತ್ತು.

ಗಂಡಸಾದವನು ಎಷ್ಟು ದಿನ ಅಂತ ಒಂಟಿ ಚಪ್ಪಲಿ ನೋಡಿಕೊಂಡು ಚಹಾ ಕುಡಿದಾನು? ಕುಂದಗೋಳದಲ್ಲಿ ಒಬ್ಬ ಗುತ್ತಿಗೆದಾರರ ಹಿತ್ತಲಿನ ಬೇವಿನ ಮರದ ಕೆಳಗೆ ಹಳೆಯ ಜೀಪು ನಿಂತಿದ್ದನ್ನು ನಾನು ಕಂಡೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಜೀಪು. ಎಂಥ ಕೆಸರನ್ನೂ ಲೆಕ್ಕಿಸುವುದಿಲ್ಲ ಎಂದು ಅವರು ಹೇಳಿದರು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು. “ಎಂಜಿನ್ ಹೆಂಗೈತ್ರಿ?” ಎಂದು ಕೇಳಿದೆ. “ಐತ್ರಿ,” ಎಂದರು. ಈಗ ಯೋಚಿಸಿದರೆ ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಕೋಳಿ ಏಳುವವರೆಗೆ ಹದಿನೈದು ದಿನ ಕಾದು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಊರಿಗೆ ತಂದೆ. ಸ್ಟೇರಿಂಗ್ ಹಿಡಿದು ಕೂತಿದ್ದ ನಾನು ಅಗಸೆ ಬಾಗಿಲಲ್ಲಿ ಎಲ್ಲರಿಗೂ ಕೈ ಮಾಡಿದೆ.

ಗಿರಿಜಾ ಜೀಪನ್ನು ಒಂದು ಸುತ್ತು ಹಾಕಿದಳು. ಬಾನೆಟ್ಟು ಎತ್ತಿ ನೋಡಿದಳು. ಒಳಗಿದ್ದ ಎಂಜಿನ್ನನ್ನು ಬೆರಳಿನಿಂದ ಮುಟ್ಟಿದರೆ ಒಂದು ಚೂರು ಉದುರಿತು. ಆಮೇಲೆ ಅವಳು ತೀರ್ಪು ಕೊಟ್ಟಳು. “ನೋಡ್ರಿ, ನಾ ಜಗಳ ಮಾಡಾಂಗಿಲ್ಲ. ಈ ಸೀಗಿ ಹುಣ್ಣಿವಿಗೆ ಈ ಜೀಪು ನಮ್ಮ ಹೊಲಕ್ಕ ಮುಟ್ಟಬೇಕು. ಮುಟ್ಟಿತಂದ್ರ ಇರಲಿ. ಇಲ್ಲಂದ್ರ ಮರುದಿನ ಗುಜರಿಯಾಂವನ್ನ ಕರಸ್ತೀನಿ. ಜಾಗದಾಗ ಶಗಣಿ ಒಣಗಸಾಕ ಬರತೈತಿ.” ನಾನು ಒಪ್ಪಿದೆ. ಹುಣ್ಣಿಮೆಗೆ ಇನ್ನೂ ಮೂರು ತಿಂಗಳಿತ್ತು. ಎಂಜಿನ್ನಿನ ಪಾಠವನ್ನು ನಾನು ಎರಡೇ ತಾಸಿನಲ್ಲಿ ಮುಗಿಸುವವನು.

ಸಂಶಿಯಲ್ಲಿ ಫಕ್ಕೀರಪ್ಪ ಮಿಸ್ತ್ರಿ ಎಂಬಾತನ ಗ್ಯಾರೇಜು ಇದೆ. ಟ್ರ್ಯಾಕ್ಟರು, ಪಂಪುಸೆಟ್ಟು, ಹೊಲಿಗೆ ಯಂತ್ರ ಎಲ್ಲವನ್ನೂ ರಿಪೇರಿ ಮಾಡುತ್ತಾನೆ. ಮಿತಭಾಷಿ. ಜೀಪಿನ ಎಂಜಿನ್ನಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿ, “ತೀರಿಕೊಂಡೈತ್ರಿ,” ಎಂದ. ಹಾಗಾದರೆ ಬೇರೆ ಎಂಜಿನ್ ಕೂಡಿಸೋಣ ಎಂದೆ. ಯಾವುದು ಎಂಬುದೇ ಪ್ರಶ್ನೆ. ಇಬ್ಬರೂ ಹುಡುಕಿದೆವು. ಕಡೆಗೆ ಸಿಕ್ಕಿದ್ದು ನಮ್ಮೂರಲ್ಲೇ, ಬಸೆಟ್ಟೆಪ್ಪ ಕಾಕಾನ ಹಿಟ್ಟಿನ ಗಿರಣಿಯಲ್ಲಿ. ಕಾಕಾ ಈಗ ಕರೆಂಟಿನ ಮೋಟರು ಹಾಕಿಸಿಕೊಂಡಿದ್ದಾನೆ. ಅವನ ಅಪ್ಪನ ಕಾಲದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನು ಗೋಡೆಯ ಬದಿಗೆ ಗೋಣಿಚೀಲ ಹೊದ್ದು ಮಲಗಿತ್ತು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳ ಜೋಳವನ್ನೆಲ್ಲ ಬೀಸಿದ ಎಂಜಿನ್ನು. ಹ್ಯಾಂಡಲ್ ತಿರುವಿದರೆ ಎರಡನೆಯ ಸುತ್ತಿಗೇ ಎದ್ದು ಕೂತಿತು. ಫಕ್ಕೀರಪ್ಪನ ಮುಖದಲ್ಲಿ ಅವತ್ತೊಂದೇ ದಿನ ನಗೆ ಕಂಡೆ. “ಜೀಂವ ಐತ್ರಿ ಸರ. ಓಡಾಕ ಬರಾಂಗಿಲ್ಲ. ಆದ್ರ ನಿಂದ್ರಾಂಗಿಲ್ಲ,” ಎಂದ. ಕಾಕಾ ಕೊಡುವಾಗ ಒಂದೇ ಮಾತು ಹೇಳಿದ. ಹೊಗೆಯ ಕೊಳವೆಯ ತುದಿಗೆ ಒಂದು ತಗಡಿನ ಟೊಪ್ಪಿಗೆ ಇತ್ತು. ಹೊಗೆ ಬಂದಾಗಲೆಲ್ಲ ಅದು ಕುಕ್ ಕುಕ್ ಎಂದು ಕೂಗುತ್ತದೆ. ಗಿರಣಿ ಶುರುವಾಗಿದೆ ಎಂದು ಊರಿಗೆಲ್ಲ ತಿಳಿಯಲಿ ಎಂದು ಅವನ ಅಪ್ಪ ಹಾಕಿಸಿದ್ದು. “ಅದನ್ನ ಒಗೀಬ್ಯಾಡ್ರಿ ಮಾಸ್ತರ,” ಎಂದ. ಪಿತೃಭಕ್ತಿ ದೊಡ್ಡದು, ನಾನೂ ಆಗಲಿ ಎಂದೆ.

ಕೂಡಿಸುವ ಕೆಲಸಕ್ಕೆ ದಸರೆ ರಜೆಯವರೆಗೆ ಹಿಡಿಯಿತು. ಗಿರಣಿಯ ಎಂಜಿನ್ನು ಜೀಪಿನ ಎಂಜಿನ್ನಿಗಿಂತ ಎತ್ತರ, ಬಾನೆಟ್ಟು ಮುಚ್ಚಲಿಲ್ಲ. ಬಾನೆಟ್ಟಿಗೆ ತೂತು ಕೊರೆದರು. ಗಿರಣಿಯಲ್ಲಿ ಅದನ್ನು ತಂಪು ಮಾಡಲು ನೀರಿನ ತೊಟ್ಟಿ ಇತ್ತು. ಇಲ್ಲಿ ಹಿಂದಿನ ಸೀಟಿನ ಮೇಲೆ ಒಂದು ಬ್ಯಾರೆಲ್ಲು ಕಟ್ಟಿ ಕೊಳವೆ ಎಳೆದರು. ಎಂಜಿನ್ನು ಅಲುಗಾಡಬಾರದೆಂದು ಫಕ್ಕೀರಪ್ಪ ಅದನ್ನು ಜೀಪಿನ ತಳದ ಚೌಕಟ್ಟಿಗೆ ಬೆಸುಗೆ ಹಾಕಿಯೇ ಬಿಟ್ಟ. ಈ ಎಲ್ಲ ಕೆಲಸಗಳಲ್ಲಿ ನನ್ನ ಪಾಲು ಬ್ಯಾಟರಿ ಹಿಡಿದು ಬೆಳಕು ಬಿಡುವುದಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಎಂಜಿನ್ನು ಇಳಿಸುವ ಮುನ್ನ ಫಕ್ಕೀರಪ್ಪ ತಲೆ ಕೆರೆದುಕೊಂಡ. “ಸರ, ಇದು ಯಾ ಕಡೆ ತಿರಗಬೇಕ್ರಿ?” ಎಂದ. ಅದೃಷ್ಟವೇ ಬಾಗಿಲು ತಟ್ಟಿದ ಹಾಗಾಯಿತು. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತದೆ. ಗ್ಯಾರೇಜಿನ ಗೋಡೆಯ ಮೇಲೆ ಸಿಲಿಂಡರು, ಪಿಸ್ಟನ್ನು, ದಂಡ, ಎಲ್ಲ ಬರೆದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಾಣ ಹಾಕಿದೆ. “ಬಲಕ್ಕ,” ಎಂದೆ. ಫಕ್ಕೀರಪ್ಪ ಎಂಜಿನ್ನನ್ನು ನೋಡಿದ, ಗೋಡೆಯನ್ನು ನೋಡಿದ. “ಇದು ಎಡಕ್ಕ ತಿರಗಾಕ ಹತ್ತೇತಲ್ರಿ,” ಎಂದ. ನಾನು ಎಂಜಿನ್ನಿನ ಈ ಬದಿಗೆ ನಿಂತಿದ್ದೆ. ನನಗೆ ಅದು ಬಲಕ್ಕೇ ತಿರುಗುತ್ತಿತ್ತು. “ಬಲಕ್ಕ ಐತೋ ಮಾರಾಯಾ, ಸರಿಯಾಗಿ ನೋಡು,” ಎಂದೆ, ಕೊನೆಯ ಬೆಂಚಿನವರಿಗೆ ಹೇಳುವ ಧ್ವನಿಯಲ್ಲಿ. ಅವನು ಎಂಜಿನ್ನಿನ ಆಚೆ ಬದಿಗೆ ನಿಂತಿದ್ದ. ಒಬ್ಬನ ಬಲ ಎದುರು ನಿಂತವನಿಗೆ ಎಡ ಎಂಬುದು ಆರನೆಯ ತರಗತಿಯ ಮಕ್ಕಳಿಗೂ ಗೊತ್ತು. ಅವನು ಎಂಜಿನ್ನನ್ನು ಇದ್ದ ದಿಕ್ಕಿಗೇ ಇಳಿಸಿದ. ಕಲಿತವರು ಹೇಳುತ್ತಿದ್ದಾರೆ ಎಂದು ನಂಬಿದ. ನಮ್ಮ ಭಾಗದಲ್ಲಿ ವಿದ್ಯೆಗೆ ಇನ್ನೂ ಮರ್ಯಾದೆ ಇದೆ.

ಹುಣ್ಣಿಮೆಗೆ ಒಂದು ವಾರ ಇರುವಾಗ ಜೀಪು ತಯಾರಾಯಿತು. ಕಾಯಿ ಒಡೆದು, ಊದಿನಕಡ್ಡಿ ಬೆಳಗಿ, ನಾನು ಒಳಗೆ ಕೂತು ಮೊದಲನೇ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಜೀಪು ಹಿಂದಕ್ಕೆ ಹೋಯಿತು. ಹಿಂದೆ ಫಕ್ಕೀರಪ್ಪನ ಟೈರುಗಳ ರಾಶಿ ಇತ್ತು, ದೇವರು ದೊಡ್ಡವನು. ಎರಡನೆಯ ಗೇರು ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ಮೂರನೆಯದನ್ನು ಹಾಕುವ ಧೈರ್ಯವಾಗಲಿಲ್ಲ. ಕೊನೆಗೆ ರಿವರ್ಸ್ ಹಾಕಿದಾಗ ಜೀಪು ಮೆಲ್ಲಗೆ ಮುಂದಕ್ಕೆ ಹೆಜ್ಜೆ ಇಟ್ಟಿತು. ಎಂಜಿನ್ನು ಉಲ್ಟಾ ತಿರುಗುತ್ತಿತ್ತು. ಫಕ್ಕೀರಪ್ಪ ಗೋಡೆಯ ಮೇಲಿನ ನನ್ನ ಚಿತ್ರದ ಕಡೆಗೆ ಒಮ್ಮೆ ನೋಡಿ, ಕೈ ಒರೆಸಿಕೊಂಡು, “ಈಗ ಹಿಂದ ಹೋಗಾಕ ಮೂರು ಗೇರ ಅದಾವ್ರಿ, ಮುಂದ ಹೋಗಾಕ ಒಂದು. ಎಲ್ಲಾ ಬಿಚ್ಚಿ ಅಡಿಮೇಲು ಮಾಡಿದ್ರ ಸರಿ ಆಕ್ಕೈತಿ. ಎರಡು ತಿಂಗಳು ಬೇಕು,” ಎಂದ. ನನ್ನ ಹತ್ತಿರ ಏಳೇ ದಿನ ಇದ್ದವು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಮುಂದಕ್ಕೆ ಒಂದು ಗೇರು ಇದ್ದರೆ ಸಾಕು, ಹೊಲವೇನು ಹುಬ್ಬಳ್ಳಿಯಷ್ಟು ದೂರವೇ ಎಂದುಕೊಂಡು ಮನೆಗೆ ತಂದೆ. ಸಂಶಿಯಿಂದ ಮಧ್ಯಾಹ್ನ ಹೊರಟವನು ಸಂಜೆಗೆ ಮುಟ್ಟಿದೆ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಅಜ್ಜನಿಗೆ ಹತ್ತಿಕೊಳ್ಳಿ ಎಂದೆ. “ಗಡಿಬಿಡಿ ಐತ್ರಿ,” ಎಂದು ಅವನು ಮುಂದೆ ಹೋದ.

ಮಾರನೆಯ ದಿನ ಬೆಳಗ್ಗೆ ಕರೆಂಟು ಇರಲಿಲ್ಲ. ನಾನು ಮನೆಯ ಮುಂದೆ ಜೀಪು ಚಾಲೂ ಮಾಡಿ, ಅದರ ಕುಕ್ ಕುಕ್ ಕೇಳುತ್ತಾ ಹೆಮ್ಮೆಯಿಂದ ನಿಂತಿದ್ದೆ. ಹತ್ತು ಮಿನಿಟಿನಲ್ಲಿ ಬೀದಿಯಲ್ಲಿ ಹೆಂಗಸರು ಕಾಣಿಸಿಕೊಂಡರು. ಒಬ್ಬರ ತಲೆಯ ಮೇಲೆ ಡಬ್ಬಿ, ಒಬ್ಬರ ಕಂಕುಳಲ್ಲಿ ಬುಟ್ಟಿ, ಎಲ್ಲದರಲ್ಲೂ ಜೋಳ. ಎಲ್ಲರೂ ನನ್ನ ಮನೆ ದಾಟಿ ಸರಸರ ಗಿರಣಿಯ ಕಡೆಗೆ ಹೋದರು. ಆ ಕೂಗು ಅವರ ಕಿವಿಯಲ್ಲಿ ಎಷ್ಟು ವರ್ಷಗಳಿಂದ ಇತ್ತೆಂದರೆ, ಕೇಳಿದ ಕೂಡಲೇ ಕೈ ತಾನಾಗಿ ಜೋಳದ ಡಬ್ಬಿಗೆ ಹೋಗಿತ್ತು. ಕರೆಂಟು ಇಲ್ಲದ ದಿನ ಕಾಕಾ ಹಳೆಯ ಎಂಜಿನ್ನು ಹಚ್ಚಿದ್ದಾನೆ ಎಂದು ತಿಳಿದಿದ್ದರು. ಅಲ್ಲಿ ಹೋಗಿ ನೋಡಿದರೆ ಗಿರಣಿಗೆ ಕೀಲಿ. ಬಾಗಿಲು ಬಡಿದರು. ಬಸೆಟ್ಟೆಪ್ಪ ಕಾಕಾ ಜಳಕ ಮಾಡುತ್ತಿದ್ದವನು ಹಾಗೇ ಎದ್ದು ಬಂದ. “ಒಳಗ ಬೀಸಾಕ ಹತ್ತೀದಿ, ಹೊರಗ ಕೀಲಿ ಹಾಕೀದಿ, ಯಾರ ಹಿಟ್ಟು ಬೀಸತೀಯೋ?” ಎಂದು ಅವನನ್ನು ವಿಚಾರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಕಾಕಾ ಟಾವೆಲ್ಲು ಸುತ್ತಿಕೊಂಡೇ ನನ್ನ ಮನೆಯ ಮುಂದೆ ಬಂದು ನಿಂತ. “ಮಾಸ್ತರ, ನನ್ನ ಗಿರಣಿ ನಿಮ್ಮ ಮನಿ ಮುಂದ ಯಾಕ ನಡದೈತಿ?” ಎಂದ. ಹಿಂದೆ ಹೆಂಗಸರ ಸಾಲು. ಎಲ್ಲರೂ ಬ್ಯಾರೆಲ್ಲಿನಲ್ಲಿ ಇಣುಕಿ ನೋಡಿದರು, ಜೋಳ ಎಲ್ಲಿ ಹಾಕುವುದು ಎಂದು.

ಆ ಟೊಪ್ಪಿಗೆ ತೆಗೆದರಾಯಿತಲ್ಲ ಎಂದು ಬುದ್ಧಿವಂತರು ಹೇಳುತ್ತೀರಿ. ಕಾಕಾನ ಒಪ್ಪಿಗೆ ಕೇಳಿಯೇ ತೆಗೆದೆ. ಟೊಪ್ಪಿಗೆ ಇಲ್ಲದ ಎಂಜಿನ್ನಿನ ದನಿ ಹೇಗಿತ್ತೆಂದರೆ, ಪಕ್ಕದ ಮನೆಯ ನೀಲವ್ವನ ಎಮ್ಮೆ ಆ ಸಂಜೆ ಹಾಲು ಬಿಡಲಿಲ್ಲ. ಮರುದಿನ ಬೆಳಗ್ಗೆಯೂ ಬಿಡಲಿಲ್ಲ. ನೀಲವ್ವ ಜಗಳಕ್ಕೆ ಬರುವ ಹೆಂಗಸಲ್ಲ. ಖಾಲಿ ತಂಬಿಗೆ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದಳು. ನಮ್ಮ ಮನೆಯ ಹಾಲೂ ಅವಳದೇ. ಕರಿ ಚಹಾ ಕುಡಿದು ಟೊಪ್ಪಿಗೆ ತಿರುಗಿ ಹಾಕಿದೆ. ಹುಣ್ಣಿಮೆಯವರೆಗೆ ಜೀಪು ಮುಟ್ಟುವುದೇ ಬೇಡ ಎಂದು ತೀರ್ಮಾನಿಸಿದೆ.

ಹುಣ್ಣಿಮೆಯ ಹಿಂದಿನ ಎರಡು ದಿನ ಚಿತ್ತಿ ಮಳೆ ಸುರಿಯಿತು. ಟ್ರ್ಯಾಕ್ಟರಿನವರು ಯಾರೂ ಹೊಲದ ದಾರಿಗೆ ಇಳಿಯುವುದಿಲ್ಲ ಎಂದರು. ನನಗೆ ಒಳಗೊಳಗೇ ಖುಷಿ. ಇಂಥ ದಿನಕ್ಕೇ ಅಲ್ಲವೇ ನಾಲ್ಕು ಚಕ್ರದ ಶಕ್ತಿ ಇರುವುದು? ಬೆಳಗ್ಗೆ ಎಂಟಕ್ಕೆ ಗಿರಿಜಾ ಹೊಸ ಸೀರೆ ಉಟ್ಟು ಮುಂದೆ ಕೂತಳು. ತೊಡೆಯ ಮೇಲೆ ಕಡುಬು, ಹೋಳಿಗೆ, ಬುತ್ತಿಯ ಬುಟ್ಟಿ. ಹಿಂದೆ ಬ್ಯಾರೆಲ್ಲಿನ ಪಕ್ಕದಲ್ಲಿ ನೀಲವ್ವ. ಎಮ್ಮೆಯ ವಿಷಯದಲ್ಲಿ ರಾಜಿಯಾಗಲೆಂದು ಅವಳನ್ನೂ ಕರೆದಿದ್ದೆವು. ಕುಕ್ ಕುಕ್ ಎಂದು ಹೊರಟೆವು. ಹಬ್ಬದ ದಿನವಾದ್ದರಿಂದ ಡಬ್ಬಿ ಹಿಡಿದು ಬಂದವರು ಇಬ್ಬರೇ.

ಆ ಪ್ರಯಾಣದಲ್ಲಿ ನಾನು ಸುಖಪಟ್ಟಷ್ಟು ಮದುವೆಯ ದಿಬ್ಬಣದಲ್ಲೂ ಪಟ್ಟಿರಲಿಲ್ಲ. ಜೀಪು ಕೆಸರಿಗೆ ಇಳಿಯಿತು, ಜಾರಲಿಲ್ಲ, ನಿಲ್ಲಲಿಲ್ಲ. ಬೇಗ ಹೋಯಿತು ಎಂದು ಮಾತ್ರ ಹೇಳಲಾರೆ. ನೀಲವ್ವ ನಡುವೆ ಇಳಿದು ಬದುವಿನ ಮೇಲಿನ ಹತ್ತರಕಿ ಸೊಪ್ಪು ಕಿತ್ತು, ಉಡಿಯಲ್ಲಿ ತುಂಬಿಕೊಂಡು, ನಾಲ್ಕು ಹೆಜ್ಜೆ ಹಾಕಿ ತಿರುಗಿ ಹತ್ತಿ ಕೂತಳು. ಬ್ಯಾರೆಲ್ಲಿನ ನೀರು ಬಿಸಿಯಾಗಿತ್ತು. ಅದಕ್ಕೆ ಮೊಣಕಾಲು ಆನಿಸಿಕೊಂಡು, “ಸರ, ಎರಡು ವರ್ಷದ ನೋವ್ರಿ. ಅಗದಿ ಹಗೂರ ಆತು,” ಎಂದಳು. ಗಿರಿಜಾಳ ತುಟಿಯ ತುದಿಯಲ್ಲಿ ನಗೆಯಂಥದೇನೋ ಇತ್ತು. ನಮ್ಮ ಹೊಲದ ಬನ್ನಿಗಿಡ ಕಾಣಿಸಿತು. ನಡುವೆ ಇನ್ನು ಒಂದೇ ಹೊಲ. ನಾನು ಕಿಟಕಿಯಲ್ಲಿದ್ದ ಆ ಚಪ್ಪಲಿಯನ್ನು ಎಲ್ಲಿ ಎಸೆಯಬೇಕೆಂದು ಯೋಚಿಸತೊಡಗಿದೆ.

ಅಲ್ಲೇ ಜೀಪು ನಿಂತಿತು. ಎಂಜಿನ್ನು ನಿಲ್ಲಲಿಲ್ಲ. ಅದು ಫಕ್ಕೀರಪ್ಪ ಹೇಳಿದ ಹಾಗೆ ನಿಷ್ಠೆಯಿಂದ ಕುಕ್ ಕುಕ್ ಎನ್ನುತ್ತಲೇ ಇತ್ತು. ನಾಲ್ಕೂ ಚಕ್ರಗಳಿಗೆ ಮಣ್ಣು ಮೆತ್ತಿ ಚಕ್ರ ಯಾವುದು ಹೊಲ ಯಾವುದು ತಿಳಿಯದ ಹಾಗಾಗಿತ್ತು. ಇದ್ದ ಒಂದೇ ಗೇರಿನಲ್ಲಿ ಒತ್ತಿದಷ್ಟೂ ಜೀಪು ಮುಂದೆ ಹೋಗುವ ಬದಲು ಕೆಳಗೆ ಹೋಗತೊಡಗಿತು. ಸ್ವಲ್ಪ ಹಿಂದೆ ಸರಿದು ಮತ್ತೆ ನುಗ್ಗೋಣ ಎಂದುಕೊಂಡು ಮೊದಲನೇ ಗೇರು ಹಾಕಿದೆ. ಹಿಂದಕ್ಕೆ ಅದಕ್ಕೆ ಮೂರು ಗೇರುಗಳಿದ್ದವಲ್ಲ. ಮನೆಯ ಕಡೆ ತಿರುಗಿದ ಎತ್ತಿನ ಹಾಗೆ ಜೀಪು ಒಂದೇ ಏಟಿಗೆ ಕೆಸರಿನಿಂದ ಎದ್ದು ಹಿಂದಕ್ಕೆ ಓಡಿತು. ತಡೆದು ನಿಲ್ಲಿಸಿ ಮತ್ತೆ ಮುಂದೆ ತಂದೆ. ಅದೇ ಜಾಗದಲ್ಲಿ ಮತ್ತೆ ಕುಸಿಯಿತು. ನಾಲ್ಕು ಸಲ ಹೀಗಾಯಿತು. ಹೊಲದ ಕಡೆ ಹೋಗಲು ಎಷ್ಟು ಬೇಸರವೋ, ಹಿಂದೆ ಬರಲು ಅಷ್ಟು ಉತ್ಸಾಹ. ಐದನೆಯ ಸಲಕ್ಕೆ ಗಿರಿಜಾ ಬುಟ್ಟಿ ತೆಗೆದುಕೊಂಡು ಇಳಿದಳು. “ಹಿಂದ ಹಿಂದ ಹೋಗಿ ಮುಟ್ಟೂಣು, ಜೀಪು ತಿರುವಿ ನಿಲ್ಲಸ್ತೀನಿ,” ಎಂದೆ. “ಭೂಮಿತಾಯಿ ಬಸುರಿ ಅದಾಳ. ಸೀಮಂತಕ್ಕ ಬೆನ್ನ ಮಾಡಿಕೊಂಡು ಹೋಗತಾರೇನ್ರಿ?” ಎಂದು ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇಬಿಟ್ಟಳು. ನೀಲವ್ವ ಬ್ಯಾರೆಲ್ಲನ್ನು ಒಮ್ಮೆ ಪ್ರೀತಿಯಿಂದ ಮುಟ್ಟಿ ಅವಳ ಹಿಂದೆ ಹೋದಳು. ನಾನೂ ಹೋದೆ.

ಜೀಪನ್ನು ಮನೆಗೆ ತಂದದ್ದು ಹಿಂದು ಹಿಂದಕ್ಕೇ. ಬಹಳ ಬೇಗ ಬಂದೆ. ಒಂದು ಹರದಾರಿ ಹಿಂದೆ ನೋಡುತ್ತಾ ಬಂದದ್ದಕ್ಕೆ ಕುತ್ತಿಗೆ ಬಲಕ್ಕೆ ಹಿಡಿದುಕೊಂಡಿತು. ಈ ಸಲ ಅದು ಬಲಕ್ಕೇ ಎಂಬುದರಲ್ಲಿ ಸಂಶಯವಿರಲಿಲ್ಲ. ಮೂರು ದಿನ ಗೋಡೆಯನ್ನು ನೋಡುತ್ತಾ ಹಲಗೆಯ ಪಾಠ ಮಾಡಿದೆ.

ಗುಜರಿಯವನನ್ನು ಗಿರಿಜಾ ಹೇಳಿದ ಮಾತಿನಂತೆ ಮರುದಿನವೇ ಕರೆಸಿದಳು. ಅವಳು ಸಿಟ್ಟಾಗಿದ್ದರೆ ನಾನು ಬೇಡಿಕೊಳ್ಳಬಹುದಿತ್ತು. ಸಿಟ್ಟಿರಲಿಲ್ಲ, ಮಾತಿಗೆ ನಿಂತಿದ್ದಳು, ಅಷ್ಟೆ. ನನಗೆ ನಿಜಕ್ಕೂ ದುಃಖವಾಯಿತು. ಉಲ್ಟಾ ಇರಲಿ, ನಿಧಾನ ಇರಲಿ, ಜನ್ಮದಲ್ಲಿ ನಾನು ಒಂದು ಎಂಜಿನ್ನನ್ನು ಸೀಮೆಸುಣ್ಣವಿಲ್ಲದೆ ನಡೆಸಿದ್ದೆ. ಗುಜರಿಯವನು ಬಂದು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ, “ಎಂಜಿನ್ ಚಾಲೂ ಐತೇನ್ರಿ?” ಎಂದ. ಕೊನೆಯ ಸಲ ಎಂದುಕೊಂಡು, ಸೊಟ್ಟ ಕುತ್ತಿಗೆಯಲ್ಲೇ ಹ್ಯಾಂಡಲ್ ತಿರುವಿದೆ.

ಮಳೆಯಲ್ಲಿ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಗಿ ಮೂರು ದಿನವಾಗಿತ್ತು. ಹಬ್ಬಕ್ಕೆಂದು ಬೀಸಿಟ್ಟ ಹಿಟ್ಟು ಎಲ್ಲರ ಮನೆಯಲ್ಲೂ ತಳ ಕಂಡಿತ್ತು. ಕುಕ್ ಕುಕ್ ಎಂದು ಊರ ಮೇಲೆ ದನಿ ಹರಿಯಿತೋ ಇಲ್ಲವೋ, ಡಬ್ಬಿಗಳು ಬಂದವು. ಈ ಸಲ ಅವರು ಗಿರಣಿಗೆ ಹೋಗಲಿಲ್ಲ, ನೇರ ನಮ್ಮ ಮನೆಗೇ ಬಂದರು. ಬಸೆಟ್ಟೆಪ್ಪ ಕಾಕಾನನ್ನೂ ಕರೆದುಕೊಂಡೇ ಬಂದಿದ್ದರು. “ಎಂಜಿನ್ನ ಬಿಚ್ಚಿ ವಾಪಸ್ ಕೊಡ್ರಿ ಮಾಸ್ತರ,” ಎಂದ ಕಾಕಾ. ಎರಡು ತಿಂಗಳಿಲ್ಲದೆ ಬಿಚ್ಚಲು ಬರುವ ಹಾಗಿರಲಿಲ್ಲ, ಫಕ್ಕೀರಪ್ಪ ಬೆಸುಗೆ ಹಾಕಿದ್ದ. ಆಗ ನೀಲವ್ವ ಅಂದಳು: “ಎಂಜಿನ್ನ ಜೀಪಿನಿಂದ ಬರಾಂಗಿಲ್ಲ ಅಂದ್ರ, ಜೀಪನ್ನ ಗಿರಣಿಗೆ ಒಯ್ರಿ. ಹಿಂದ ಹಿಂದ ಛಲೋ ಹೊಕ್ಕೈತಿ.” ಗುಜರಿಯವನು, “ಅಂದ್ರ ನಾನು?” ಎಂದ. “ನೀ ದೀಪಾವಳಿ ಆದ ಮ್ಯಾಲ ಬಾ,” ಎಂದು ಹೆಂಗಸರು ಅವನಿಗೆ ದಾರಿ ತೋರಿಸಿದರು. ಗಿರಿಜಾ ನನ್ನ ಮುಖ ನೋಡಿದಳು. “ದೀಪಾವಳಿ ತನಕ,” ಎಂದಳು.

ಜೀಪನ್ನು ಗಿರಣಿಯ ಹಿಂಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳನ್ನು ಮರದ ದಿಮ್ಮಿಗಳ ಆಸರೆಯಲ್ಲಿ ನೆಲದಿಂದ ಮೇಲೆತ್ತಿ, ಹಿಂದಿನ ಒಂದು ಚಕ್ರಕ್ಕೆ ಪಟ್ಟಾ, ಅಂದರೆ ಗಿರಣಿಯ ಬೆಲ್ಟು, ಹಾಕಿ ಕಾಕಾನ ಹಳೆಯ ಬೀಸುವ ಕಲ್ಲಿಗೆ ಜೋಡಿಸಿದರು. ಫಕ್ಕೀರಪ್ಪನೇ ಬಂದು ಜೋಡಿಸಿದ. ತಿರುಗುವ ದಿಕ್ಕು ಯಾವುದಿರಬೇಕೆಂದು ಈ ಸಲ ಅವನು ನನ್ನನ್ನು ಕೇಳಲಿಲ್ಲ. ಗೇರು ಹಾಕಿ ಕ್ಲಚ್ಚು ಬಿಡುವವನು ಒಬ್ಬ ಬೇಕಾಗಿತ್ತು. ಆ ಗೇರುಗಳ ಮರ್ಮ ತಿಳಿದವನು ಊರಿಗೆ ನಾನೊಬ್ಬನೇ. ಶಾಲೆ ಬಿಟ್ಟ ಮೇಲೆ ಎರಡು ತಾಸು ಸ್ಟೇರಿಂಗ್ ಹಿಡಿದು ಕೂಡುತ್ತಿದ್ದೆ. ಹಿಡಿಯುವ ಅಗತ್ಯವಿರಲಿಲ್ಲ, ಆದರೆ ಬಿಟ್ಟು ಕೂತರೆ ಜನ ಏನೆಂದಾರು? ಮೀಟರಿನ ಮುಳ್ಳು ಇಪ್ಪತ್ತು ತೋರಿಸುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಹಿಟ್ಟು ಹಾರಿ ಹುಬ್ಬು ಬೆಳ್ಳಗಾಗುತ್ತಿತ್ತು. “ಸರ, ಸ್ವಲ್ಪ ಜೋರ ಹೊಡೀರಿ, ರಾಗಿ ಐತಿ,” ಎಂದು ಒಳಗಿನಿಂದ ಕಾಕಾ ಕೂಗಿದರೆ ಎರಡನೆಯ ಗೇರು ಹಾಕುತ್ತಿದ್ದೆ.

ದೀಪಾವಳಿಗೆ ಕರೆಂಟು ಬಂತು. ಗುಜರಿಯವನೂ ಬಂದ. ಆದರೆ ಅಷ್ಟರಲ್ಲಿ ಊರಿನ ಹೆಂಗಸರು ಒಂದು ಸಂಗತಿ ಕಂಡುಕೊಂಡಿದ್ದರು. ಕರೆಂಟಿನ ಮೋಟರು ಜೋರಾಗಿ ತಿರುಗಿ ಹಿಟ್ಟು ಸುಡುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಜೀಪು ನಿಧಾನ, ಹಿಟ್ಟು ತಣ್ಣಗೆ ಬರುತ್ತದೆ, ರೊಟ್ಟಿ ಎರಡು ದಿನ ಮೆತ್ತಗಿರುತ್ತದೆ. ಕರೆಂಟಿನ ಕಲ್ಲಿನ ಮುಂದೆ ಯಾರೂ ಇಲ್ಲ, ಜೀಪಿನ ಕಲ್ಲಿನ ಮುಂದೆ ಸಾಲು. ಆ ಸಾಲಿನಲ್ಲಿ ಗಿರಿಜಾ ಕೂಡ ಇದ್ದಳು. ಗುಜರಿಯವನನ್ನು ನೋಡಿ, “ಎಳ್ಳಮಾಸಿ ಆಗಲಿ,” ಎಂದಳು. ಅವನು ತನ್ನ ಸುತ್ತಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದ.

ಎಳ್ಳಮಾವಾಸ್ಯೆಗೂ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ಇದೆ. ಆ ಹೊತ್ತಿಗೆ ನೆಲ ಒಣಗಿರುತ್ತದೆ, ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಯಾವ ಗಾಡಿಯಾದರೂ ಹೋಗುತ್ತದೆ. ದಿಮ್ಮಿಯಿಂದ ಇಳಿಸಿ ಜೀಪನ್ನೇ ಒಯ್ಯುತ್ತೇನೆ, ಈಗ ಹೂತುಕೊಳ್ಳುವ ಭಯವಿಲ್ಲ ಎಂದೆ. ಬಸೆಟ್ಟೆಪ್ಪ ಕಾಕಾ, “ಪಟ್ಟಾ ಬಿಚ್ಚಿದ್ರ ಮತ್ತ ಕೂಡ್ಸಾಕ ವಾರ ಹಿಡಿತೈತ್ರಿ,” ಎಂದ. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ನಾನು ತಿರುಗಿ ಜೀಪಿನಲ್ಲಿ ಕೂತೆ.

ಓಣಿಯವರೆಲ್ಲ ಸೇರಿ ಒಂದು ಟ್ರ್ಯಾಕ್ಟರಿನಲ್ಲಿ ಹೋದೆವು. ಹೆಂಗಸರು, ಬುಟ್ಟಿಗಳು ತುಂಬಿ ಉಳಿದ ಜಾಗದಲ್ಲಿ, ಟ್ರೇಲರಿನ ಹಿಂದಿನ ಹಲಗೆಗೆ ಜೋತುಬಿದ್ದು ನಾನು. ಬನ್ನಿಗಿಡದ ಕೆಳಗೆ ಪೂಜೆಯಾಯಿತು. ಗಿರಿಜಾ ಎಡೆಯನ್ನು ಹೊಲದ ನಾಲ್ಕೂ ಕಡೆ ಎರಚಿ ಬಂದಳು. ಎಲ್ಲರೂ ಸುತ್ತ ಕೂತು ಬುತ್ತಿ ಬಿಚ್ಚಿದರು. ಯಾರ ಬುತ್ತಿ ಬಿಚ್ಚಿದರೂ ರೊಟ್ಟಿ ಒಂದೇ ಥರ, ಬೆಳ್ಳಗೆ, ಅಂಚು ಸೀಳಿಲ್ಲ. ನೀಲವ್ವ, “ಜೀಪಿನ ರೊಟ್ಟಿ ಇವು,” ಎಂದು ಪಕ್ಕದ ಹೊಲದವರನ್ನೂ ಕರೆದು ಹಂಚಿದಳು.

ಗಿರಿಜಾ ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, ಮೊಸರು ಬಿಟ್ಟು ನನ್ನ ಕೈಗೆ ಕೊಟ್ಟಳು. “ಜೀಪು ಹೊಲಕ್ಕ ಮುಟ್ಟಬೇಕು ಅಂದಿದ್ದೆ. ಮುಟ್ಟಿತು ನೋಡ್ರಿ,” ಎಂದಳು. “ಗುಜರಿಯಾಂವಗ ಇನ್ನ ಬರಬ್ಯಾಡ ಅಂತೀನಿ.”

“ಮತ್ತ ನಾನು?” ಎಂದೆ.

“ನೀವು ಟ್ರ್ಯಾಕ್ಟರಿಗೆ ಜೋತುಬಿದ್ದು ಬಂದೀರಿ,” ಎಂದಳು. ಅದು ನಿಜವೇ ಆಗಿತ್ತು. ಊರಿನಲ್ಲಿ ನಾಲ್ಕೂ ಚಕ್ರದ ಜೀಪಿನ ಒಡೆಯ ನಾನೊಬ್ಬನೇ, ಎಲ್ಲರ ಬುತ್ತಿಯಲ್ಲೂ ಹೊಲಕ್ಕೆ ಬಂದ ಆ ಜೀಪಿನೊಂದಿಗೆ ಬಾರದವನೂ ನಾನೊಬ್ಬನೇ. ಸಿಟ್ಟು ಬರಬೇಕಾಗಿತ್ತು. ಆದರೆ ರೊಟ್ಟಿ ಬಹಳ ಮೆತ್ತಗಿತ್ತು. ಇನ್ನೊಂದು ಹಾಕಿಸಿಕೊಂಡೆ.